ಬಿಚ್ಚಿದ ಒಂದೇ ಕೌದಿ

ಮೊನ್ನೆ ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದಳು! ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿ ಕೈ ಇನ್ನೂ ಅಂಟಂಟಾಗಿದೆ. ಅವಳ ಕೌದಿಗೆಂದು ಹಳೆಯ ಬಟ್ಟೆಯ ಗಂಟು ಬಿಚ್ಚಿದಾಗ ಒಂದು ಹಳದಿ ತುಂಡು ಕೈಗೆ ಬಂತು. ವೈಶಾಲಿ ನೆನಪಾದಳು.

2006ರ ಚಳಿಗಾಲ. ನಾನು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ದಾಂಡೇಲಿಯಲ್ಲಿ ಮನೆಮನೆಗೆ ಹೋಗಿ, ಅವರವರದೇ ಹಳೆಯ ಸೀರೆ ಅಂಗಿಗಳಿಂದ ಕೌದಿ ಹೊಲಿದು ಕೊಡುವುದು ನನ್ನ ಕಸುಬು. ನಾವು ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ಅಂಗೈಯಷ್ಟು ಜಾಗ ಉಳಿದಾಗ ಒಳಗೆ ಹೋಳಿಗೆಯ ಚೂರು ಇಟ್ಟು ಮುಚ್ಚುತ್ತೇವೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು.

ಆ ಸಲ ಕರೆಸಿದವರು ಕಾರ್ಖಾನೆಯ ಕ್ವಾರ್ಟರ್ಸಿನ ಶಾರದಕ್ಕ. ಮಗಳು ವೈಶಾಲಿ ಕಾಲೇಜು ಓದುವ ಹುಡುಗಿ, ರಕ್ತದ ಕಾಯಿಲೆ. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿದ್ದರು. ಅದರ ಅರ್ಥ ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಶಾರದಕ್ಕ, ಮಗಳು ಕೂಸಿದ್ದಾಗಿನಿಂದ ತೊಟ್ಟ ಅಂಗಿಗಳ ಗಂಟು ತಂದಿಟ್ಟು, "ಲಗ್ನದ ಕೌದಿ, ಛಲೋತ್ನಂಗ ಹೊಲಿಬೇಕವಾ" ಎಂದರು.

ವೈಶಾಲಿ ಹಾಸಿಗೆಯ ಪಕ್ಕದ ಕಂಪ್ಯೂಟರಿನಲ್ಲಿ ಜಪಾನಿನ ಒಂದು ಆಟ ಆಡುತ್ತಿದ್ದಳು. ಅಂಥದ್ದಕ್ಕೆ ವಿಶುವಲ್ ನಾವೆಲ್ ಎನ್ನುತ್ತಾರಂತೆ. ಅದರಲ್ಲಿ ಓಡುವುದಿಲ್ಲ, ಹಾರುವುದಿಲ್ಲ. ಚಿತ್ರ ನೋಡುತ್ತ ಕಥೆ ಓದಬೇಕು. ನಡುನಡುವೆ ಏನು ಮಾಡುತ್ತೀ ಎಂದು ಕಂಪ್ಯೂಟರೇ ಕೇಳುತ್ತದೆ. ನಾವು ಒತ್ತಿದ ಹಾಗೆ ಕಥೆ ತಿರುಗುತ್ತದೆ. ಹಿಂದಿನ ಕಾಲದ ಕಥೆ. ಬಟ್ಟೆಗೆ ಬಣ್ಣ ಹಾಕುವವರ ಮಗಳು ಸಯೋ. ಅವಳು ಪ್ರೀತಿಸಿದವನು ಸಾಮುರಾಯ್, ಅಂದರೆ ಒಡೆಯನಿಗಾಗಿ ಕತ್ತಿ ಹಿಡಿದವನು. ಇಂಗ್ಲಿಷಿನಲ್ಲಿದ್ದದ್ದನ್ನು ವೈಶಾಲಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು, ನಾನು ಹೊಲಿಯುತ್ತ ಕೇಳುತ್ತಿದ್ದೆ. ಯಾವ ದಾರಿ ಹಿಡಿದರೂ ಕೊನೆಗೆ ಅವನು ಸಾಯುತ್ತಿದ್ದ. ವೈಶಾಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

"ಎಷ್ಟು ಸಲ ಕೊಲ್ಲತಿ ತಂಗಿ ಆ ಬಡಪಾಯಿನ?"

"ಅಂವ ಬದಕೂ ದಾರಿ ಒಂದು ಐತಿ ಮಾವಶಿ. ಅದು ಸಿಕ್ರ ನಾನೂ ಬದುಕ್ತೇನಿ. ಅಲ್ಲೀ ತನಕ ಕೌದಿ ಹೊಟ್ಟಿ ಮುಚ್ಚಬ್ಯಾಡ."

ನಗುತ್ತಲೇ ಅಂದಳು. ಬಾಗಿಲಲ್ಲಿ ನಿಂತಿದ್ದ ಶಾರದಕ್ಕ ನಗಲಿಲ್ಲ. ಮರುದಿನದಿಂದ ದೇವರ ಜೊತೆ ಕಂಪ್ಯೂಟರಿಗೂ ಊದಿನಕಡ್ಡಿ ಬೆಳಗತೊಡಗಿದರು. ನಾನು ಹೊಲಿಗೆಯನ್ನು ಇನ್ನೂ ಸಣ್ಣದು ಮಾಡಿದೆ. ನಡುವಿನ ಜಾಗ ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ವೈಶಾಲಿ ನನ್ನನ್ನು ಕರೆದಳು. ಆಟದಲ್ಲಿ, ಯುದ್ಧಕ್ಕೆ ಹೊರಟವನು ಹೊಸ್ತಿಲಲ್ಲಿ ನಿಂತಿದ್ದಾನೆ. ಕತ್ತಿ ಬಚ್ಚಿಡುವುದೋ, ಅತ್ತು ತಡೆಯುವುದೋ, ಕತ್ತಿ ಕೈಗಿತ್ತು ಕಳಿಸುವುದೋ?

"ಬಚ್ಚಿಟ್ಟೂ ನೋಡೇನಿ, ಅತ್ತೂ ನೋಡೇನಿ. ನೀ ಏನ್ ಮಾಡ್ತಿದ್ದಿ ಮಾವಶಿ?"

"ರೊಟ್ಟಿ ಬುತ್ತಿ ಕಟ್ಟಿ ಕಳಸ್ತಿದ್ನಿ."

"ಜಪಾನದಾಗ ರೊಟ್ಟಿ ಎಲ್ಲಿಂದ ತರ್ಲಿ!" ಎಂದು ಕೆಮ್ಮು ಬರುವಷ್ಟು ನಕ್ಕು, ಕತ್ತಿ ಕೊಟ್ಟು ಕಳಿಸಿದಳು.

ಸಂಜೆ, "ಅವ್ವಾ, ಅಂವ ಬಂದ!" ಎಂದು ಕೂಗಿದಳು. ಶಾರದಕ್ಕ ಒದ್ದೆ ಕೈಯಲ್ಲೇ ಓಡಿ ಬಂದರು. ಪರದೆಯ ಮೇಲೆ ಅವನು ಅಂಗಳದಲ್ಲಿ ನಿಂತಿದ್ದ. ಹಗ್ಗದ ಮೇಲೆ ನೀಲಿ ಬಟ್ಟೆಗಳು ಆರುತ್ತಿದ್ದವು. ವೈಶಾಲಿ ಮುಂದಕ್ಕೆ ಓದುತ್ತ ಹೋದಳು. ನಮಗೆ ಹೇಳುವುದನ್ನು ನಿಲ್ಲಿಸಿದಳು.

"ಏನಾತು?" ಎಂದರು ಶಾರದಕ್ಕ.

"ಅಂವ ಬಂದಾನ. ಸಯೋ ಇಲ್ಲ. ಹ್ವಾದ ಚಳಿಗಾಲದಾಗ ತೀರ್ಕೊಂಡಾಳ."

ಅವಳೇ ಕಂಪ್ಯೂಟರ್ ಆರಿಸಿದಳು. "ಹೊಟ್ಟಿ ತುಂಬಸು ಮಾವಶಿ. ಥಂಡಿ ಹತ್ತಾಕತ್ತೈತಿ."

ಶಾರದಕ್ಕ ಹೋಳಿಗೆ ಮಾಡಿದರು. ಚೂರು ಇಟ್ಟು ಮುಚ್ಚಿದೆ. ವೈಶಾಲಿ ಆ ಕೌದಿ ಹೊದ್ದು ಕೆಲವೇ ದಿನ ಮಲಗಿದಳು.

ಅವಳ ದಿನಕರ್ಮ ಮುಗಿದ ಮೇಲೆ ಶಾರದಕ್ಕ ಮತ್ತೆ ಕರೆಸಿದರು. "ಇದನ್ನ ಬಿಚ್ಚು. ಆಕಿ ಅಂಗಿ ನನಗ ಬ್ಯಾರೆ ಬ್ಯಾರೆ ಬೇಕು."

"ಅಕ್ಕಾರ, ಕೌದಿ ಬಿಚ್ಚೂದಿಲ್ರಿ ನಾವು."

"ನನ್ನ ಸಲುವಾಗಿ ಬಿಚ್ಚು."

ನಡುವಿನಿಂದ ಅಂಚಿಗೆ, ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿದೆ. ಹೋಳಿಗೆಯ ಚೂರು ಕಲ್ಲಾಗಿತ್ತು. ಒಂದೊಂದು ತುಂಡನ್ನೂ ಶಾರದಕ್ಕ ಬೆಳಕಿಗೆ ಹಿಡಿದರು. ತುಂಬ ಸೂಜಿಯ ತೂತುಗಳು. ಯಾವುದೂ ಮತ್ತೆ ಅಂಗಿಯಾಗಲಿಲ್ಲ. ಒಂದು ಹಳದಿ ತುಂಡನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ಹೊಲಿದದ್ದನ್ನು ಬಿಚ್ಚಬಹುದು, ತೂತನ್ನು ಅಳಿಸಲಾಗದು. ಕಸುಬು ನನಗೆ ಕಲಿಸಿದ್ದು ಇಷ್ಟೆ. ಆ ಹಳದಿ ತುಂಡನ್ನು ಮೊಮ್ಮಗಳ ಕೌದಿಯ ನಡುವೆ, ಹೋಳಿಗೆಯ ಚೂರಿನ ಮೇಲೆ ಹೊಲಿದಿದ್ದೇನೆ. ಕೂಸು ಅದರ ಮೇಲೆ ಕಾಲು ಬಡಿಯುವುದನ್ನು ನೋಡಿದರೆ ನನಗೆ ಎದ್ದು ಕುಣಿಯುವಷ್ಟು ಸಂತೋಷ. ಹೊದಿಸುವಾಗ ಮಾತ್ರ ಬೆರಳು ತಾನಾಗಿಯೇ ಆ ಹಳೆಯ ತೂತುಗಳನ್ನು ಹುಡುಕುತ್ತದೆ.