ಓದಿ ದೃಢೀಕರಿಸಲಾಯಿತು

ಹಾನಗಲ್ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಟಿವಿ ಸದಾ ಹಚ್ಚಿಯೇ ಇರುತ್ತದೆ. ಮೊನ್ನೆ ಅದರಲ್ಲಿ ವಿಧಾನಸಭೆ ನಡೆದಿತ್ತು. ಒಂದು ಮಸೂದೆ ಮತಕ್ಕೆ ಬರದಿರಲೆಂದು ವಿರೋಧ ಪಕ್ಷದವರೊಬ್ಬರು ಮಾತು ಎಳೆಯುತ್ತಲೇ ಇದ್ದರು. ‘ಕುಂದ್ರೋ ಮಾರಾಯಾ, ಎಷ್ಟ ತಲಿ ತಿಂತಿ’ ಎಂದು ಪಕ್ಕದ ಮೇಜಿನವರು ಟಿವಿಗೇ ಬೈದರು. ನಾಲ್ಕು ಮಂದಿ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ. ಹಿರೇಕೆರೂರು, ಸವಣೂರು ಸುತ್ತಿ ಈಗ ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿದ್ದೇನೆ. ಮನೆ ಹಾನಗಲ್ಲಿನಲ್ಲಿ. ದಿನಾ ಬಸ್ಸು ಬದಲಿಸಿ ಹೋಗಿ ಬಂದು ಸೊಂಟ ಬಿದ್ದುಹೋಗಿದೆ. ಸಭೆಯ ನಡಾವಳಿ ಬರೆದೂ ಬರೆದೂ ನನಗೊಂದು ಕೆಟ್ಟ ಚಟ ಅಂಟಿತ್ತು: ಸಭೆ ಕೂಡುವ ಮುಂಚೆಯೇ ಎಲ್ಲ ಬರೆದಿಡುವುದು. ಮೊದಲ ಸಾಲು ಯಾವ ಊರಲ್ಲೂ ಬದಲಾಗುತ್ತಿರಲಿಲ್ಲ. ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು.’ ನಾನು ಒಮ್ಮೆಯೂ ಓದಿದವನಲ್ಲ, ಓದಿರೆಂದು ಯಾರೂ ಕೇಳಿದವರಲ್ಲ.

ಕೊನೆಗೂ ಕೇಳಿದವರು ಈಗಿನ ಈ ಹಳ್ಳಿಯ ಹೊರಗಿನ ಕೇರಿಯಿಂದ ಆರಿಸಿ ಬಂದಿದ್ದ ಸದಸ್ಯೆ. ಅವರು ಕೇಳಿದ ದಿನ ಸಭೆಯ ಮುಂದಿದ್ದ ದೊಡ್ಡ ವಿಷಯ ಒಂದೇ, ರಸ್ತೆ ಪಕ್ಕದ ಜಾಗದಲ್ಲಿ ಮಳಿಗೆ ಕಟ್ಟುವುದು. ಹಿಂದಿನ ತಿಂಗಳ ಸಭೆಯಲ್ಲಿ ಅದರ ಚರ್ಚೆ ಮುಗಿದಿತ್ತು. ಈ ಸಲ ಠರಾವು ಪಾಸಾಗಿ ಕಾಗದ ತಾಲೂಕಿಗೆ ಹೋದರೆ ತೀರಿತು. ಆದರೆ ಕೇರಿಯವರು ತಲೆಮಾರುಗಳಿಂದ ಹೆಣ ಹೂಳುತ್ತಿದ್ದದ್ದು ಅದೇ ಜಾಗದಲ್ಲಿ. ದಾಖಲೆಯಲ್ಲಿ ಮಾತ್ರ ಅದು ಸ್ಮಶಾನವಾಗಿರಲಿಲ್ಲ. ಸದಸ್ಯೆಯ ತಾಯಿಯನ್ನೂ ಹಿಂದಿನ ವರ್ಷ ಅಲ್ಲಿಯೇ ಮಣ್ಣು ಮಾಡಿದ್ದರು. ಹನ್ನೊಂದು ಮಂದಿ ಸದಸ್ಯರಲ್ಲಿ ಮಳಿಗೆ ಬೇಡ ಎನ್ನುವವರು ಅವರೊಬ್ಬರೇ. ಕೈ ಎತ್ತಿಸಿದರೆ ಸೋಲು ಖಾತ್ರಿ.

‘ಹಿಂದಿಂದು ಓದೇವಿ ಅಂತ ಬರಕೋರಿ’ ಎಂದರು ಅಧ್ಯಕ್ಷರು. ಸದಸ್ಯೆ ಎದ್ದು ನಿಂತರು.

‘ಓದ್ರಿ.’

‘ಏನ್ ಓದೂದ್ರಿ ಅಕ್ಕಾರ?’ ಎಂದೆ.

‘ಹಿಂದಿನ ಸಭೆದ್ದು. ನನಗ ಓದಾಕ ಬರೂದಿಲ್ರಿ, ಸಹಿ ಮಾಡೂದಷ್ಟ ಕಲ್ತೇನಿ. ನೀವು ಓದಲಿಲ್ಲಂದ್ರ, ಏನ್ ಬರದೀರಿ ಅಂತ ನನಗ ಹೆಂಗ ತಿಳೀಬೇಕು?’

ನಿಯಮ ಅವರ ಕಡೆಗಿತ್ತು. ಓದತೊಡಗಿದೆ. ಬೀದಿದೀಪದ ಸಾಲಿಗೆ ‘ಯಾವ ಕಂಬರಿ?’ ಎಂದರು. ಗಟಾರದ ಸಾಲಿಗೆ ‘ಎಲ್ಲಿಂದ ಎಲ್ಲಿತನಕರಿ?’ ಎಂದರು. ಕರೆಂಟ್ ಹೋಗಿತ್ತು, ಗಂಟಲು ಒಣಗಿತ್ತು, ನನ್ನ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಮನಸ್ಸಿನಲ್ಲೇ ಅವರನ್ನು ಚೆನ್ನಾಗಿ ಬೈದುಕೊಂಡೆ. ಅಷ್ಟರಲ್ಲಿ ಚಹಾಕ್ಕೆಂದು ಎದ್ದ ಸದಸ್ಯರೊಬ್ಬರು ಮರಳಿ ಬರಲೇ ಇಲ್ಲ. ಇನ್ನೊಬ್ಬರಿಗೆ ಸವಣೂರಿನಲ್ಲಿ ಮದುವೆ. ಮತ್ತೊಬ್ಬರ ಹೊಲಕ್ಕೆ ಗೋವಿನಜೋಳ ಒಕ್ಕುವ ಮಷಿನ್ ಬಂದಿತ್ತು. ಇಬ್ಬರು ಬೇಸತ್ತು ಚಪ್ಪಲಿ ಮೆಟ್ಟಿದರು. ಆಗ ನನಗೆ ಹೊಳೆಯಿತು. ಸಭೆ ನಡೆಯಲು ಕೋರಂ ಎಂದು ಆರು ಮಂದಿ ಬೇಕು. ಸದಸ್ಯೆಯನ್ನೂ ಹಿಡಿದು ಉಳಿದವರು ಸರಿಯಾಗಿ ಆರು.

ಅಷ್ಟೊತ್ತಿಗೆ ಮಳಿಗೆಯ ಪುಟ ಬಂತು. ‘ಸದರಿ ಜಾಗವು ಖಾಲಿ ಇದ್ದು, ಯಾರ ತಕರಾರೂ ಇರುವುದಿಲ್ಲ’ ಎಂದು ಓದಿದೆ.

‘ಇನ್ನೊಮ್ಮೆ ಓದ್ರಿ.’

ಓದಿದೆ.

‘ನಾ ಅವತ್ತ ಎದ್ದ ನಿಂತು ಹೇಳಿದ್ನೆಲ್ರಿ. ನಮ್ಮವ್ವ ಅಲ್ಲೇ ಅದಾಳ, ಬ್ಯಾಡ್ರಿ ಅಂದಿದ್ದೆ. ಅದೆಲ್ಲೈತ್ರಿ?’

ಎಲ್ಲಿಯೂ ಇರಲಿಲ್ಲ. ಹಿಂದಿನ ತಿಂಗಳು ಅವರು ಬಾಯಿ ತೆರೆಯುವ ಮೊದಲೇ ಆ ಪುಟವನ್ನು ನಾನು ಬರೆದು ಮುಗಿಸಿದ್ದೆ, ಬೇಗ ಮನೆ ಸೇರುವ ಆಸೆಗೆ. ಪುಸ್ತಕದಿಂದ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

‘ಆತಲ್ಲ ಬಿಡ್ರಿ, ಮುಂದಿನ ವಿಷಯ ತಗೋರಿ’ ಎಂದರು ಅಧ್ಯಕ್ಷರು.

ಸದಸ್ಯೆ ಸೆರಗು ಸರಿಮಾಡಿಕೊಂಡರು. ‘ನಾನೂ ಬರ್ತೇನ್ರಿ. ಎಮ್ಮಿ ಹಿಂಡೂ ಹೊತ್ತಾತು.’

ಅವರು ಹೊರಬಿದ್ದ ಮೇಲೆ ಉಳಿದವರು ಐದೇ ಮಂದಿ. ಸಭೆ ಮುಂದಿನ ತಿಂಗಳಿಗೆ ಹೋಯಿತು.

ನನ್ನ ಬಸ್ಸೂ ಹೋಗಿತ್ತು. ಅಲ್ಲಿಯೇ ಕುಳಿತು, ನಡೆದದ್ದನ್ನು ನಡೆದ ಮೇಲೆ ಬರೆದೆ. ಬಹಳ ವರ್ಷಗಳ ನಂತರ ಹಾಗೆ ಬರೆದದ್ದು. ಬಿಟ್ಟುಹೋಗಿದ್ದ ತಕರಾರನ್ನು ಅವರ ಮಾತಿನಲ್ಲೇ ಸೇರಿಸಿದೆ. ಅಧ್ಯಕ್ಷರು ಇವತ್ತಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಆ ತಕರಾರು ಪುಸ್ತಕದಲ್ಲಿದ್ದ ಕಾರಣ ತಾಲೂಕಿನವರು ಕಾಗದ ತಡೆದರು, ಮುಂದೆ ಜಾಗ ಅಳೆಯಲು ಮೋಜಣಿಯವರು ಬಂದರು, ಗೋರಿಗಳು ನಕ್ಷೆಗೆ ಏರಿದವು, ಮಳಿಗೆ ಬೇರೆ ಕಡೆ ಹೋಯಿತು. ಆದರೆ ಕೇರಿಯ ನೀರಿನ ಪೈಪಿನ ವಿಷಯ ಬಂದಾಗ ಉಳಿದ ಸದಸ್ಯರೂ ‘ಓದ್ರಿ’ ಎಂದು ಹಟ ಹಿಡಿದು ಕೋರಂ ಮುರಿದರು. ಇನ್ನೂ ಒಂದು ತಿಂಗಳು ಕೇರಿಯ ಹೆಂಗಸರು ದೂರದಿಂದ ನೀರು ಹೊತ್ತರು. ‘ನಾನ ಕಲಿಸೇನಿ, ಯಾರಿಗೆ ಬೈಲಿ?’ ಎಂದರು ಸದಸ್ಯೆ. ಈ ಉಪಾಯ ಒಳ್ಳೆಯದೋ ಕೆಟ್ಟದ್ದೋ ಎಂದು ಹೋಟೆಲಿನಲ್ಲಿ ವಾದಕ್ಕೆ ಕೂರುವ ತ್ರಾಣ ನನಗಿಲ್ಲ. ಅವತ್ತು ಅದಿಲ್ಲದಿದ್ದರೆ ನಾನು ಆ ಪುಟವನ್ನು ಓದುತ್ತಲೇ ಇರಲಿಲ್ಲ, ಅಷ್ಟು ಬಲ್ಲೆ.

ಅದಕ್ಕೆಲ್ಲ ಮೊದಲು, ಮಳಿಗೆಯ ಸಭೆ ಮುರಿದ ಮರುತಿಂಗಳು ಹನ್ನೊಂದೂ ಮಂದಿ ಬಂದಿದ್ದರು, ಯಾರೂ ಏಳುವ ಹಾಗಿರಲಿಲ್ಲ. ನಾನು ಮೊದಲಿನಿಂದ ಓದುತ್ತಾ ಬಂದು, ‘ನಮ್ಮವ್ವ ಅಲ್ಲೇ ಅದಾಳ, ಬ್ಯಾಡ್ರಿ’ ಎಂಬ ಸಾಲಿಗೆ ನಿಂತೆ. ಸದಸ್ಯೆ ಕಣ್ಣು ಒರೆಸಿಕೊಂಡರು.

‘ಇನ್ನೊಮ್ಮೆ ಓದ್ರಿ’ ಎಂದರು.

ಓದಿದೆ.