ಪರದೆಯಾಚೆ ಚಾಚಿದ ಕೈ

ಕಲೊಲೈನೆಯನ್ನು ಬೈದವರನ್ನೆಲ್ಲ ನಾನು ತಿರುಗಿಸಿ ಬೈದಿದ್ದೇನೆ, ಇನ್ನೂ ಬೈಯುತ್ತೇನೆ. ಟೊಂಗಾ ದೇಶದ ವವಾಉ ದ್ವೀಪದ ನಮ್ಮ ಆಸ್ಪತ್ರೆಯಲ್ಲಿ ಅವಳು ಗಂಡಸರ ವಾರ್ಡಿನ ಮುಖ್ಯ ನರ್ಸ್. ನಾನು ಮೆಲೆಸೀನಿ, ಅದೇ ವಾರ್ಡಿನ ಆಯಾ. ಯಾರಿಗೆ ಯಾವ ಕೆಲಸ ಎಂಬುದನ್ನು ಅವಳು ರೋಗಿಯ ಮಂಚದ ಪಕ್ಕದಲ್ಲೇ ನಿಂತು, ಅವನ ಕಿವಿಗೂ ಬೀಳುವಂತೆ ಹೇಳುತ್ತಿದ್ದಳು. ತನ್ನ ಜವಾಬ್ದಾರಿ ಯಾರದೆಂದು ರೋಗಿಗೂ ಗೊತ್ತಿರಬೇಕು ಎನ್ನುವುದು ಅವಳ ವಾದ. ಒಳ್ಳೆಯ ಪದ್ಧತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ದಿನ ಅದೇ ಪದ್ಧತಿ ಒಬ್ಬನ ಪ್ರಾಣಕ್ಕೆ ಎರವಾಗುವುದರಲ್ಲಿತ್ತು.

ಸೆಮಿಸಿ ಎಂಬ ಮೀನುಗಾರನನ್ನು ಬೆಳಿಗ್ಗೆ ದೋಣಿಯಿಂದ ಹೊತ್ತು ತಂದಿದ್ದರು. ದೊಡ್ಡ ಮೀನೊಂದರ ಈಟಿಯಂಥ ಮೂತಿ ತೊಡೆಸಂದಿಗೆ ನುಗ್ಗಿತ್ತು. ಡಾಕ್ಟರ್ ಹೊಲಿಗೆ ಹಾಕಿ, ಒಳಗೆ ರಕ್ತನಾಳ ಮತ್ತೆ ಬಿಚ್ಚಿಕೊಳ್ಳಬಹುದು, ಕಣ್ಣಿಟ್ಟಿರಿ ಎಂದು ಹೇಳಿ ಮುಂದಿನ ಆಪರೇಷನ್‌ಗೆ ಹೋದರು. ಉಳಿದ ನರ್ಸ್‌ಗಳು ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗಿದ್ದರಿಂದ ಕಲೊಲೈನೆಯ ಕೈಗೆ ಸಿಕ್ಕವಳು ಕಿರಿಯ ನರ್ಸ್ ಲಾವಿನಿಯಾ ಒಬ್ಬಳೇ.

"ಕಾಲು ಗಂಟೆಗೊಂದ್ಸಲ ಹೊದಿಕೆ ಎತ್ತಿ ಗಾಯ ನೋಡು. ರಕ್ತ ಕಂಡ್ರೆ ನನ್ನ ಕೂಗು" ಎಂದು ಸೆಮಿಸಿಯ ಎದುರಲ್ಲೇ ಹೇಳಿದಳು.

ಲಾವಿನಿಯಾ ತಲೆ ತಗ್ಗಿಸಿ "ಆಯ್ತಮ್ಮ" ಎಂದಳು. ಸೆಮಿಸಿ ಗೋಡೆಯ ಕಡೆ ಮುಖ ತಿರುಗಿಸಿದ.

ನಾನು ಆಗ ಅಡುಗೆಮನೆಯಲ್ಲಿದ್ದೆ. ವಾರ್ಡಿನಲ್ಲಿದ್ದಿದ್ದರೆ ಬಾಯಿ ಹಾಕದೆ ಬಿಡುತ್ತಿರಲಿಲ್ಲ. ಏಕೆಂದರೆ ಸೆಮಿಸಿ ಲಾವಿನಿಯಾಳ ದೊಡ್ಡಮ್ಮನ ಮಗ, ಅಂದರೆ ಅಣ್ಣ. ನಮ್ಮ ಟೊಂಗಾದಲ್ಲಿ ಬೆಳೆದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಸೊಂಟದ ಕೆಳಗಿನ ಮಾತು ಒಬ್ಬರೆದುರು ಒಬ್ಬರು ಎತ್ತುವುದಿಲ್ಲ. ಹೋದ ವರ್ಷವಷ್ಟೇ ರಾಜಧಾನಿಯಿಂದ ಬಂದ ಕಲೊಲೈನೆಗೆ ಈ ನಂಟು ಗೊತ್ತಿರಲಿಲ್ಲ. "ಇವನು ನನ್ನಣ್ಣ" ಎಂದು ಅಲ್ಲೇ ಹೇಳಿದ್ದರೆ ಆ ತೊಡೆಸಂದಿನ ಮಾತನ್ನು ಇನ್ನಷ್ಟು ಬೆಳೆಸಿದಂತೆ ಆಗುತ್ತಿತ್ತು. ಹಾಗಾಗಿ ಇಬ್ಬರೂ ಬಾಯಿ ಹೊಲಿದುಕೊಂಡರು.

ಬೇಯಿಸಿದ ಕೆಸುವಿನ ಗಡ್ಡೆಯ ತಟ್ಟೆ ಹಿಡಿದು ನಾನು ವಾರ್ಡಿಗೆ ಬಂದಾಗ ಲಾವಿನಿಯಾ ಮಂಚದ ಸುತ್ತಲಿನ ಪರದೆಯ ಹೊರಗೆ ನಿಂತಿದ್ದಳು.

"ಹುಷಾರಾಗಿದೀರಾ?" ಎಂದು ಪರದೆಯ ಬಟ್ಟೆಯನ್ನು ಕೇಳುತ್ತಿದ್ದಳು.

"ಹುಷಾರು" ಎಂದಿತು ಒಳಗಿನ ದನಿ. ಸತ್ತ ಹಾಗಿತ್ತು ಆ ದನಿ.

"ಅಯ್ಯೋ ನಿನ್ನ! ಒಳಗಿರೋನು ನಿಮ್ಮಣ್ಣ ಅಲ್ವೇನೇ?" ಎಂದೆ.

ಹಿಂದೆಯೇ ಕಲೊಲೈನೆ ಬಂದಳು. "ಏನು ನೋಡ್ದೆ, ಹೇಳು" ಎಂದು ಲಾವಿನಿಯಾಳನ್ನು ಕೇಳಿದಳು.

"ಕೇಳ್ದೆ ಅಮ್ಮ... ಹುಷಾರು ಅಂದ್ರು."

"ಕೇಳು ಅಂದ್ನಾ ನಾನು? ನೋಡು ಅಂದಿದ್ದು!"

ಕಲೊಲೈನೆ ಪರದೆಯೊಳಗೆ ನುಗ್ಗಿ ಹೊದಿಕೆ ಎತ್ತಿದಳು. ಹಾಸಿಗೆ ರಕ್ತದಲ್ಲಿ ನೆನೆದುಹೋಗಿತ್ತು. ತಂಗಿಗೆ ಹೇಳುವುದು ಹೇಗೆಂದು ಆ ಪುಣ್ಯಾತ್ಮ ಸುಮ್ಮನೆ ಮಲಗಿಯೇ ಇದ್ದ!

ಕಲೊಲೈನೆ ಎರಡೂ ಮುಷ್ಟಿ ಒಟ್ಟುಮಾಡಿ ಗಾಯದ ಮೇಲೆ ಮೈಭಾರವೆಲ್ಲ ಬಿಟ್ಟಳು. "ಮೆಲೆಸೀನಿ, ಡಾಕ್ಟ್ರನ್ನ ಕರಿ, ಓಡು!"

ಓಡಿದೆ. ಡಾಕ್ಟರು ಇನ್ನೊಬ್ಬನ ಹೊಟ್ಟೆ ತೆರೆದಿಟ್ಟುಕೊಂಡಿದ್ದರು. "ನಾನು ಬರೋವರೆಗೂ ಕೈ ತೆಗೀಬೇಡಿ, ಡ್ರಿಪ್ ಹಾಕಿ" ಎಂದು ಒಳಗಿನಿಂದಲೇ ಕೂಗಿದರು.

ಡ್ರಿಪ್ ಹಾಕುವವರು ಯಾರು? ಕಲೊಲೈನೆ ಕೈ ತೆಗೆದರೆ ಅವನು ಹೋದ ಹಾಗೆ. ಸೂಜಿ ಹಾಕಲು ನನಗೆ ಬಾರದು. ಉಳಿದವಳು ಲಾವಿನಿಯಾ.

"ಅವಳು... ಒಳಗೆ ಬರೋದು ಬೇಡ" ಎಂದ ಸೆಮಿಸಿ. ತುಟಿ ಬಿಳಿಚಿತ್ತು. "ಸತ್ರೂ ಸರಿ."

ನನಗೆ ಸಿಟ್ಟು ನೆತ್ತಿಗೇರಿತು. ಕಲೊಲೈನೆ ಮಾತ್ರ ಬೈಯಲಿಲ್ಲ; ನಾನು "ನಿಮ್ಮಣ್ಣ" ಅಂದದ್ದು ಅವಳ ಕಿವಿಗೂ ಬಿದ್ದಿತ್ತು. "ಬರಲ್ಲ ಕಣಪ್ಪ" ಎಂದಳು. "ಮೆಲೆಸೀನಿ, ಅವನ ಎಡಗೈ ಪರದೆ ಆಚೆ ಇಡು. ಕೈ ಬಿಟ್ಟು ಇನ್ನೇನೂ ಕಾಣಬಾರ್ದು. ಲಾವಿನಿಯಾ, ನಿನ್ನ ಕೆಲಸ ಆ ಕೈ ಒಂದೇ. ಇಲ್ಲಿರೋದೆಲ್ಲ ನಂದು. ಈಗ ನಾನು ಏನು ಹೇಳ್ದೆ, ಹೇಳು."

"ಕೈ ಒಂದೇ ನಂದು ಅಮ್ಮಾ."

ಪರದೆಯ ಸೀಳಿನಿಂದ ನಾನು ಅವನ ಕೈಯನ್ನು ಹೊರಗೆ ಚಾಚಿ ಹಿಡಿದೆ. ಲಾವಿನಿಯಾ ಮೊದಲ ಸಲ ಚುಚ್ಚಿದಾಗ ನರ ತಪ್ಪಿತು. ಎರಡನೆಯ ಸಲವೂ ತಪ್ಪಿತು.

"ಅಮ್ಮಾ, ನರ ಸಿಗ್ತಿಲ್ಲ..."

"ಸಿಗತ್ತೆ. ಅವಸರ ಬೇಡ" ಎಂದಳು ಕಲೊಲೈನೆ. ಅವಳ ತೋಳು ಸೋತು ಅದುರುತ್ತಿರುವುದು ನನ್ನ ಕಣ್ಣಿಗೆ ಬಿತ್ತು, ದನಿಯಲ್ಲಿ ಮಾತ್ರ ಏನೂ ಇರಲಿಲ್ಲ. ಮೂರನೆಯ ಸಲ ಸೂಜಿ ಕೂತಿತು. ನಾನು ಬಾಟಲಿ ಎತ್ತಿ ಹಿಡಿದು ದೇವರಿಗೆ ಮೊರೆಯಿಟ್ಟೆ.

ಡಾಕ್ಟರು ಬಂದು ಅವನನ್ನು ಮತ್ತೆ ಹೊಲಿದರು, ಜೀವ ಉಳಿಯಿತು. ಆಮೇಲೆ ಶುರುವಾಯಿತು ಅವರ ಕೂಗಾಟ. "ಆ ಹುಡುಗಿಯನ್ನ ಇವತ್ತೇ ಮನೆಗೆ ಕಳಿಸ್ತೀನಿ! ನೋಡೋ ಕೆಲಸ ಬಿಟ್ಟು ಆಚೆ ನಿಂತಿದ್ಲಂತೆ!"

ಕಲೊಲೈನೆ ತೋಳು ನೀವಿಕೊಳ್ಳುತ್ತ ಹೇಳಿದಳು: "ಕೆಲಸ ಕೊಟ್ಟೋಳು ನಾನು. ಆಗುತ್ತಾ ಅಂತ ಅವಳನ್ನ ಪಕ್ಕಕ್ಕೆ ಕರೆದು ಒಂದು ಮಾತು ಕೇಳ್ಲಿಲ್ಲ. ಅಣ್ಣನ ಎದುರಲ್ಲೇ ನಿಲ್ಲಿಸಿ, ಆಗಲ್ಲ ಅನ್ನೋಕೆ ಜಾಗಾನೇ ಬಿಡ್ಲಿಲ್ಲ. ತಪ್ಪು ಅಂತ ಬರೀಬೇಕಾದ್ರೆ ನನ್ನ ಹೆಸರು ಬರೀರಿ ಡಾಕ್ಟ್ರೇ." ಅವರು ಬರೆದೇಬಿಟ್ಟರು. ಆ ವರ್ಷ ಬರಬೇಕಿದ್ದ ಬಡ್ತಿ ಅವಳಿಗೆ ಬರಲಿಲ್ಲ.

ಮಾರನೆಯ ದಿನ ಸೆಮಿಸಿ ಕಣ್ಣು ಬಿಟ್ಟ. ಮೂರು ತೂತಿನ ತೋಳು ನೀಲಿಗಟ್ಟಿ ಊದಿಕೊಂಡಿತ್ತು.

"ಅಮ್ಮಾ, ಆಚೆ ನಿಂತು ಸೂಜಿ ಹಾಕಿದ್ರಲ್ಲ, ಅವರಿಗೆ ಒಂದು ಮಾತು ಹೇಳ್ತೀರಾ?" ಎಂದು ಕಲೊಲೈನೆಯನ್ನು ಕೇಳಿದ.

"ಏನು ಹೇಳ್ಲಿ?"

"ಒಂಚೂರೂ ನೋವಾಗ್ಲಿಲ್ಲ ಅಂತ."

ಲಾವಿನಿಯಾ ಹಿತ್ತಿಲಲ್ಲಿ ಅವನ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಅದು ನನ್ನ ಕೆಲಸ. ಎಷ್ಟು ಹೇಳಿದರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಕಲೊಲೈನೆ ಹೋಗಿ ಅವನು ಹೇಳಿದ ಮಾತನ್ನು ಇದ್ದ ಹಾಗೆಯೇ ಹೇಳಿದಳು. ಆ ಹುಡುಗಿ ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಗೊಳೋ ಎಂದು ಅತ್ತಳು.