ನೀರು ಕಡೆದ ಸದ್ದು

ಆ ಬೀದಿಗೆ ಬೆಳಗಾಗುತ್ತಿದ್ದುದೇ ಮಜ್ಜಿಗೆಯಮ್ಮನ ಕಡೆಗೋಲಿನ ಸದ್ದಿನಿಂದ. ತೀರಿಹೋದ ಬಡಗಿ ಗಂಡ ದಿಮ್ಮಿ ಕೊರೆದು ಮಾಡಿಕೊಟ್ಟ ಮರಿಗೆಯಲ್ಲಿ ಮೂವತ್ತು ವರ್ಷ ಮೊಸರು ಕಡೆದವಳು. ಬೆಣ್ಣೆ ಮಾರಾಟಕ್ಕೆ, ಮಜ್ಜಿಗೆ ಮಾತ್ರ ಲೋಟ ಹಿಡಿದು ಬಂದವರಿಗೆಲ್ಲ ಪುಕ್ಕಟೆ. ಕೊಡುವುದರಲ್ಲಿ ಎತ್ತಿದ ಕೈ, ತೆಗೆದುಕೊಳ್ಳುವುದರಲ್ಲಿ ಮಹಾ ಜಿಪುಣಿ. ಯಾರಾದರೂ ಲೋಟದಲ್ಲಿ ನಾಲ್ಕು ಹಣ್ಣು ಹಾಕಿ ತಂದರೆ, “ನನಗೇನು ಬರಗಾಲ ಬಂದಿದೆಯಾ?” ಎಂದು ಹಾಗೇ ವಾಪಸ್ಸು ಕಳಿಸುತ್ತಿದ್ದಳು.

ಬರಗಾಲ ಬಂದೇಬಿಟ್ಟಿತು. ಇದ್ದೊಂದು ಹಸುವಿನ ಕೆಚ್ಚಲು ಬತ್ತಿತು. ಮುದಿ ಹಸು, ಇನ್ನು ಕರು ಹಾಕುವುದಿಲ್ಲವೆಂದು ದನದ ಡಾಕ್ಟರು ಕೈಚೆಲ್ಲಿದ. ಮೊದಲ ದಿನ ಬಂದವರಿಗೆ ಹಾಲು ಒಡೆಯಿತೆಂದಳು, ಮರುದಿನ ಬೆಕ್ಕು ಬಾಯಿ ಹಾಕಿತೆಂದಳು. ಬೆಕ್ಕೇ ಇಲ್ಲದ ಮನೆ ಅದು.

ಮೂರನೆಯ ದಿನ ಒಣಗಿದ ಮರಿಗೆ ಟಕ್ಕೆಂದಿತು. ಅಂಚಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು. ಒಣಗಲು ಬಿಟ್ಟರೆ ಸೀಳುತ್ತದೆಂದು ಗಂಡ ಹೇಳಿಯೇ ಹೋಗಿದ್ದ. ಅವನ ಕೈಕೆಲಸವೆಂದು ಮನೆಯಲ್ಲಿ ಉಳಿದದ್ದು ಅದೊಂದೇ.  ಬಾಗಿಲಿಗೆ ಚಿಲಕ ಹಾಕಿ, ಮರಿಗೆಗೆ ನೀರು ಸುರಿದು, ಬಿರುಕಿನಿಂದ ಜಿನುಗಿದಷ್ಟನ್ನು ಮತ್ತೆ ತುಂಬುತ್ತಾ, ಹಗ್ಗ ಹಿಡಿದು ಕಡೆಯತೊಡಗಿದಳು. ನೀರಿನಿಂದ ಏನು ಬರುತ್ತದೆ, ಮಣ್ಣು! ಆದರೂ ನಿಲ್ಲಿಸಲಾಗಲಿಲ್ಲ. ಸದ್ದು ನಿಂತರೆ ತಾನು ಆ ಬೀದಿಗೆ ಯಾರೂ ಅಲ್ಲ ಎಂಬ ಭಯ. ಮರುದಿನವೂ ಕಡೆದಳು, ಅದರ ಮರುದಿನವೂ.

ಆರನೆಯ ಬೆಳಗ್ಗೆ ಎದುರುಮನೆಯ ದರ್ಜಿಯ ಹೆಂಡತಿ ಬಾಗಿಲು ತಟ್ಟಿ ಕರೆದಳು.

“ಇನ್ನೂ ಬೆಣ್ಣೆ ಬಂದಿಲ್ಲ ಕಣೇ, ಆಮೇಲೆ ಬಾ,” ಎಂದಳು ಮಜ್ಜಿಗೆಯಮ್ಮ ಒಳಗಿನಿಂದಲೇ.

“ನೀರಲ್ಲಿ ಬೆಣ್ಣೆ ಬರಲ್ಲಮ್ಮ. ಬಾಗಿಲು ತೆಗೀರಿ.”

ಮಜ್ಜಿಗೆಯಮ್ಮ ಹಗ್ಗ ಬಿಟ್ಟಳು. “ಯಾರು ಹೇಳಿದ್ದು ನಿನಗೆ?”

“ಯಾರು ಹೇಳ್ಬೇಕು? ಇಷ್ಟು ವರ್ಷ ಕೇಳಿದ ಸದ್ದು. ಮೊಸರು ಯಾವ್ದು, ನೀರು ಯಾವ್ದು ಗೊತ್ತಾಗಲ್ವಾ? ಇಡೀ ಬೀದಿ ಮೂರು ದಿನದಿಂದ ಬಾಯಿ ಮುಚ್ಕೊಂಡು ಕೇಳ್ತಾ ಇದೆ.”

ಚಿಲಕ ತೆಗೆದಾಗ ಅವಮಾನಕ್ಕೆ ತಲೆಯೆತ್ತಲಾಗಲಿಲ್ಲ. ಎದುರುಮನೆಯವಳು ತಂದ ಲೋಟದ ತುಂಬ ಗಟ್ಟಿ ಮೊಸರು. ಬರಗಾಲದ ಹಳೆಯ ಮಾತು ನಾಲಗೆಯ ತುದಿಗೆ ಬಂತು, ಅಲ್ಲೇ ಸತ್ತಿತು. ಮಜ್ಜಿಗೆಯಮ್ಮ ನೀರು ಚೆಲ್ಲಿ, ಖಾಲಿ ಮರಿಗೆಯನ್ನು ಮುಂದಕ್ಕೆ ತಳ್ಳಿ, ಮುಖ ಗೋಡೆಗೆ ತಿರುಗಿಸಿಕೊಂಡಳು.

ದರ್ಜಿಯ ಹೆಂಡತಿ ಮೊಸರು ಸುರಿದು ಕದಡಿದಳು. ಸ್ವಲ್ಪ ಹೊತ್ತಿಗೆ ಬಿರುಕಿನಿಂದ ಬಿಳಿ ಹನಿಯೊಂದು ಇಳಿಯಿತು, ಹಿಂದೆಯೇ ಇನ್ನೊಂದು. ಮಜ್ಜಿಗೆಯಮ್ಮ ಅಂಗೈಯನ್ನು ಕೆಳಗೆ ಹಿಡಿದು ಕೂತಳು.

“ಇನ್ನೊಂದು ಲೋಟ ಮೊಸರಿದ್ರೆ ತಾರೇ,” ಎಂದಳು.